ಹೋತು

ದಾಜಿಬಾನ ಪೇಟೆಯೊಳಗ ನಮ್ಮ ಖಾನಾವಳಿ
ಹನ್ನೆರಡಕ್ಕ ಬಾಗಿಲಾ ತೆರೀತೈತಿ.
ಅದಕ್ಕೂ ಮೊದಲು, ಖಾರ ರುಬ್ಬಿದ ಕೈ ತೊಳಕೊಂಡು
ಮೊಬೈಲಿನಾಗ ನನ್ನ ನಂಬರ ನೋಡತೀನಿ:
ಆರನೂರಾ ಮೂವತ್ತನಾಲ್ಕು.
ನಿನ್ನೆನೂ ಅಷ್ಟ ಇತ್ತು.
ದಿನಾ ನೋಡಿದರ ಬೆಳೀತೈತೇನ ಚಿಗವ್ವ,
ಅಂತ ನಗತಾನ ಪರಶ್ಯಾ, ಉಳ್ಳಾಗಡ್ಡಿ ಹೆಚ್ಚಿಕೋತ.

ಊರಿಗೆ ಊರ ಬಂದ ಇದ್ದ ಆ ವರ್ಷ
ಫ್ರೀಜರಿನೊಳಗ ಇಡಾಕ ಏನೂ ಇರಲಿಲ್ಲ,
ಅದರ ಕಂತು ಇತ್ತು.
ಹನ್ನೊಂದು ಕಂತು ತಪ್ಪಿದ ಮ್ಯಾಲೆ ಫೈನಾನ್ಸಿನ ಹುಡುಗ ಬಂದು
ಎಂಬತ್ತಾರರಾಗ ನಲವತ್ತು ಸಾವಿರ ಕೊಡ್ರಿ, ಮುಗೀತು, ಅಂದ.
ಕೊರಳಾಗಿನ ಬೋರಮಾಳ ಮುಗೀತು.
ಸಾಲಾನೂ ಮುಗೀತು ಅನಕೊಂಡು
ಅವರು ಕೊಟ್ಟ ಕಾಗದ ಅಂಬಾಭವಾನಿ ಫೋಟೋದ ಹಿಂದ ಇಟ್ಟೆ.
ಮುಗಿಯೂದು ಬ್ಯಾರೆ, ಸೆಟಲ್ ಆಗೂದು ಬ್ಯಾರೆ ಅಂತ
ದೇವಿ ಸೈತ ನನಗ ಹೇಳಲಿಲ್ಲ.

ರುಬ್ಬೂ ಮಶೀನು ಸುಟ್ಟಾಗ
ದುರ್ಗದಬೈಲಿನಿಂದ ಕೊಪ್ಪೀಕರ ರೋಡಿನ ತನಕ
ಒಂದ ವಾರದಾಗ ನಾಲ್ಕು ಕಡೆ ಅರ್ಜಿ ಹಾಕಿದೆ.
ನಾಲ್ಕೂ ಕಡೆ ಆಧಾರ, ಪ್ಯಾನು, ಎರಡೆರಡು ಫೋಟೋ,
ನಾಲ್ಕೂ ಕಡೆ ಅದ ಮಾತು: ಮೆಸೇಜ್ ಬರತೈತ್ರಿ.
ಮೆಸೇಜ್ ಬರೂದರೊಳಗ ನಂಬರ ಇಪ್ಪತ್ತೆರಡು ಇಳದಿತ್ತು.
ಯಾಕಂದ್ರ, ಕೇಳಿದ್ದಕ್ಕ.
ಬಾಗಿಲಾ ಬಡದ ಸಪ್ಪಳಾನೂ
ಎಲ್ಲೋ ಕುಂತು ಬರಕೊಂತಾರಂತ.

ಆರು ತಿಂಗಳು ಎಲ್ಲೂ ಕೇಳಬ್ಯಾಡ್ರಿ, ಅಂದರು
ಬ್ಯಾಂಕಿನ ಶರ್ಮಿಷ್ಠಾ ಮೇಡಮ್ಮರು.
ಹದಿನೈದು ಸಾವಿರ ಠೇವಣಿ ಇಡ್ರಿ,
ಅದರ ಮ್ಯಾಲೆ ಹನ್ನೆರಡರ ಕಾರ್ಡು ಕೊಡತೀವಿ.
ಅಂದ್ರ, ನನ್ನ ರೊಕ್ಕಾನ ನನಗ ಸಾಲ?
ಹೌದ್ರಿ.
ನಂದ ಎಮ್ಮಿ, ನಂದ ಹೊಟ್ಟು,
ನನ್ನ ಹಾಲು ನಾನ ಕುಡಿಯಾಕ ನಿಮ್ಮ ಪರವಾನಗಿ!
ಅವರು ನಕ್ಕು ಫಾರ್ಮು ನನ್ನ ಕಡೆ ತಿರುಗಿಸಿದರು.
ಸಹಿ ಮಾಡಿದಲ್ಲಿ ಎಣ್ಣಿ ಬೆರಳು ಮೂಡಿತು.

ಈಗ ಗ್ಯಾಸಿನ ಸಿಲಿಂಡರ ಅದರಾಗ ತರತೀನಿ.
ಹದಿನೆಂಟಕ್ಕ ಕಟ್ಟೂದನ್ನ ಹನ್ನೆರಡಕ್ಕ ಕಟ್ಟತೀನಿ.
ಪೂರಾ ಬಳಸಬ್ಯಾಡ್ರಿ, ಮೂರರಾಗ ಒಂದು ಪಾಲು ಸಾಕು, ಅಂದಾರ.
ಬಡಿಸಿದ್ದನ್ನ ತಾಟಿನಾಗ ಬಿಟ್ಟು ಏಳೂದು
ನಮ್ಮಲ್ಲಿ ಅಪಮಾನ.
ಅಲ್ಲಿ ಅದ ಮರ್ಯಾದಿ.

ನಿನ್ನೆ ಮಧ್ಯಾಹ್ನ ಪೇಂಟರ್ ಯಮನಪ್ಪ ಬಂದ,
ಎರಡು ವರ್ಷದ ಮ್ಯಾಲೆ.
ತಾನ ಬಣ್ಣಾ ಹಚ್ಚಿದ ಗ್ವಾಡಿಗೆ ಬೆನ್ನು ಕೊಟ್ಟು ಕುಂತು,
ಬಾಯಾರ, ಉದ್ರಿ ಮತ್ತ ಚಾಲೂ ಮಾಡ್ರಿ, ಅಂದ.
ವಹಿ ತೆಗದೆ.
ಏಳನೂರಾ ನಲವತ್ತು ಬಾಕಿ ಇತ್ತು ಆಗ.
ದಸರಾಕ್ಕ ನಾಕನೂರು ತಂದುಕೊಟ್ಟಿದ್ದ,
ಸಾಕು ಬಿಡಪಾ, ಅಂದಿದ್ದೆ ನಾನ.
ಅವನ ಹೆಸರಿನ ಮುಂದ ನನ್ನ ಅಕ್ಷರ:
ಹೋತು.
ಅದರ ಮ್ಯಾಲೊಂದು ತೆಳ್ಳಗಿನ ಗೀಟು.
ಓದಾಕ ಬರತೈತಿ.
ಓದಾಕ ಬರೂ ಹಂಗ ಹೊಡದಿದ್ದೆ,
ಮುಂದ ನೆನಪಿರಲಿ ಅಂತ.

ರೊಟ್ಟಿ ಆರಾಕ ಹತ್ತಿತ್ತು.
ಪೆನ್ನು ಹಿಡಕೊಂಡು ಕುಂತ ಕುಂತೆ.
ಹಾಳಿ ಹರದರ ಅದರ ಹಿಂದಿನ ಮಗ್ಗಲ
ಬ್ಯಾರೆ ಯಾರದೋ ಲೆಕ್ಕ ಹೋಗತೈತಿ.
ಹರೀಲಿಲ್ಲ. ಹೊಸಾ ಸಾಲಿನಾಗ ಬರದೆ:
ಯಮನಪ್ಪ, ಎರಡು ರೊಟ್ಟಿ, ಖೈಮಾ, ಅರ್ಧಾ ಅನ್ನ.
ಸದ್ಯೇಕ ಮುನ್ನೂರರ ಮ್ಯಾಲೆ ಹೋಗಬ್ಯಾಡ, ಅಂದೆ.
ದನಿ ನಂದ ಇತ್ತು,
ಮಾತು ಮೇಡಮ್ಮರವು.

ಆರು ತಿಂಗಳಿಗೆ ಇನ್ನ ಹತ್ತೊಂಬತ್ತು ದಿನ ಐತಿ.
ಮಶೀನಿನ ಅರ್ಜಿ ತುಂಬಿ ಇಟ್ಟೀನಿ,
ಒಂದ ಕಡೆದ್ದು.
ತಾರೀಖು ಬರದಿಲ್ಲ.
ಅಲ್ಲೀತನಕ ಒಳ್ಳಿನಾಗ ರುಬ್ಬತೀನಿ,
ಕೈ ಉರೀತಾವ,
ಖಾರ ಮಾತ್ರ ಹಳೇದಕ್ಕಿಂತ ಚೊಲೋ ಆಗೇತಿ ಅಂತಾನ ಯಮನಪ್ಪ,
ಉದ್ರಿಯವನ ಮಾತು, ಎಷ್ಟು ನಂಬೂದೋ.